ಕಾಫಿ ಕುಡಿದ್ರೆ ಮಗು ಕಪ್ಪಾಗುತ್ತಂತೆ!

ನನಗೆ ಮೂರು ತಿಂಗಳು ತುಂಬಿದ್ದಾಗ ಅತ್ತೆ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡರು. "ಬೇಡಮ್ಮ, ಮಗು ಕಪ್ಪಾಗುತ್ತೆ." ಅದೇ ಅತ್ತೆ ದಿನಕ್ಕೆ ನಾಲ್ಕು ಸಲ ಟೀ ಮಾತ್ರ ಪ್ರೀತಿಯಿಂದ ಮಾಡಿಕೊಡುತ್ತಿದ್ದರು. ಟೀ ಬಣ್ಣ ಮಗುವಿಗೆ ಅಂಟೋದಿಲ್ಲವೋ ಏನೋ! "ಕಪ್ಪಾದ್ರೆ ಏನಾಯ್ತು ಅತ್ತೆ?" ಅಂತ ಕೇಳಿದ್ದಕ್ಕೆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಕಾಫಿಯಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಕೆಫೀನ್ ಮಾಸು ದಾಟಿ ಮಗುವಿನ ರಕ್ತ ಸೇರುತ್ತೆ. ಬೇರೆಯವರ ಮೈಯಲ್ಲಿ ಐದಾರು ಗಂಟೆಗೆ ಅರ್ಧಕ್ಕಿಳಿಯುವ ಅದು, ತುಂಬು ಗರ್ಭಿಣಿಯಲ್ಲಿ ಹದಿನೈದು ಗಂಟೆಯವರೆಗೂ ತೆಗೆದುಕೊಳ್ಳಬಹುದು. ವಿಪರೀತವಾದರೆ ಮಗುವಿನ ತೂಕ ಕಮ್ಮಿಯಾಗುವ ಅಪಾಯವಿದೆ. ಅದಕ್ಕೇ ಬ್ರಿಟನ್, ಅಮೆರಿಕದ ವೈದ್ಯರು ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿ ಹೇಳುವುದು. ನಮ್ಮ ಐಸಿಎಂಆರ್ 2024ರಲ್ಲಿ ಕೊಟ್ಟ ಲೆಕ್ಕ ನೋಡಿ: 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ಅಂದರೆ ನಾಲ್ಕು ಸ್ಟ್ರಾಂಗ್ ಟೀ ಕುಡಿದವಳು ಮಿತಿ ದಾಟಿರುತ್ತಾಳೆ, ಒಂದು ಲೋಟ ಕಾಫಿ ಕುಡಿದವಳು ದಾಟಿರುವುದಿಲ್ಲ. ಬೈಸಿಕೊಳ್ಳೋದು ಮಾತ್ರ ಕಾಫಿಯವಳೇ.

ಇನ್ನೊಂದು ಎಡವಟ್ಟು. ನಾನು ತಿಂಡಿ ಆದ ಕೂಡಲೇ ಐರನ್ ಮಾತ್ರೆ ನುಂಗಿ, ಮೇಲೆ ಬಿಸಿ ಟೀ ಕುಡಿಯುತ್ತಿದ್ದೆ. ಟೀ, ಕಾಫಿಯಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡಲ್ಲ, ಮಧ್ಯೆ ಒಂದು ಗಂಟೆಯಾದರೂ ಅಂತರ ಇರಬೇಕು. ಏಳನೇ ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆಗೆ ಇಳಿದಿತ್ತು. ಮಗುವಿನ ಬಣ್ಣದ ಬಗ್ಗೆ ಒಂಬತ್ತು ತಿಂಗಳೂ ಚರ್ಚೆ ನಡೆದ ಮನೆಯಲ್ಲಿ ತಾಯಿಯ ರಕ್ತದ ಬಗ್ಗೆ ಒಂದು ದಿನವೂ ಮಾತು ಬರಲಿಲ್ಲ. ನನ್ನ ಸಿಟ್ಟು ಇರೋದು ಇಲ್ಲಿ.

ಬಾಣಂತನಕ್ಕೆ ತವರಿಗೆ ಹೋದರೆ ಉಲ್ಟಾ. ಸಕಲೇಶಪುರದ ಕಡೆಯವಳಾದ ಅಮ್ಮ, "ನಾವೆಲ್ಲ ಕುಡಿದೇ ಹೆತ್ತಿದ್ದು" ಅಂತ ಮೂರು ಹೊತ್ತೂ ಗಟ್ಟಿ ಕಾಫಿ ಕೊಟ್ಟಳು. ಎದೆಹಾಲಿಗೆ ಇಳಿಯುವ ಕೆಫೀನ್ ಸ್ವಲ್ಪವೇ. ಆದರೆ ಹಸುಗೂಸಿನ ಮೈಯಲ್ಲಿ ಅದು ಅರ್ಧ ಕರಗೋಕೆ ಮೂರು ನಾಲ್ಕು ದಿನ ಬೇಕು, ಅಷ್ಟರಲ್ಲಿ ಮುಂದಿನ ಲೋಟಗಳದ್ದೂ ಸೇರಿಕೊಳ್ಳುತ್ತೆ. ಮಗು ರಾತ್ರಿಯೆಲ್ಲ ಕಣ್ಣು ಮುಚ್ಚದೆ ಅಳುತ್ತಿತ್ತು. ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದರು. ನಾನು ಬೆಳಗಿನ ಒಂದು ಲೋಟ ಇಟ್ಟುಕೊಂಡು ಉಳಿದೆರಡು ಬಿಟ್ಟೆ.

ಎರಡು ವಾರದಲ್ಲಿ ಮಗು ಮಲಗೋಕೆ ಶುರುಮಾಡಿತು. ಹೆಸರು ಬಂದಿದ್ದು ಮೆಣಸಿನಕಾಯಿಗೆ.