ಹೊಂಡಕ್ಕೆ ಬೇಲಿ ಬರುವ ಮೊದಲೇ ರಜೆ ಬರುತ್ತಿದೆ

ಮಾನ್ಯ ಕೃಷಿ ಸಚಿವರೇ,

2014–15ರಲ್ಲಿ ಹೊಲದಲ್ಲಿ ಕೃಷಿ ಹೊಂಡ ತೋಡಲು ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಶುರುವಾದಾಗ, ಮಳೆಯನ್ನೇ ನಂಬಿದ ನಮ್ಮಂಥ ಒಣಭೂಮಿ ರೈತರಿಗೆ ಅದು ದೊಡ್ಡ ಆಸರೆಯಾಯಿತು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಹೊಂಡದ ನೀರು ಹಾಯಿಸಿ ಶೇಂಗಾ ಉಳಿಸಿಕೊಂಡವರು ನಮ್ಮ ಕಡೆ ಬಹಳ ಮಂದಿ. ಆ ಋಣ ಮರೆತು ಈ ಪತ್ರ ಬರೆಯುತ್ತಿಲ್ಲ. ಆದರೆ ಬೇಸಿಗೆ ರಜೆ ಬಂತೆಂದರೆ ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯೂ ಬರುತ್ತದೆ. ಎಷ್ಟೋ ಸಲ ಒಂದೇ ಮನೆಯ ಅಣ್ಣ ತಂಗಿ, ಇಲ್ಲವೇ ಜೊತೆಗೆ ಆಡುತ್ತಿದ್ದ ಇಬ್ಬರು ಗೆಳೆಯರು.

ಕಾಲು ಯಾಕೆ ಜಾರುತ್ತದೆ ಎಂಬುದನ್ನು ತಾವು ಒಮ್ಮೆ ದಂಡೆಯ ಮೇಲೆ ನಿಂತು ನೋಡಬೇಕು. ಯೋಜನೆಯ ಹೊಂಡ ಚಿಕ್ಕದಾಗಲಿ ದೊಡ್ಡದಾಗಲಿ, ಆಳ 3 ಮೀಟರ್. ಅಂದರೆ ಸುಮಾರು ಹತ್ತು ಅಡಿ. ನಾಲ್ಕೂ ಕಡೆ ಕಡಿದಾದ ಇಳಿಜಾರು, ಅದರ ಮೇಲೆ ಪಾಲಿಥಿನ್ ಹೊದಿಕೆ. ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಒಂದು ಬೇರೂ ಇಲ್ಲ. ಬೇಸಿಗೆಯಲ್ಲಿ ನೀರು ಕೆಳಗಿಳಿದಿರುತ್ತದೆ, ಅಪಾಯ ಕಡಿಮೆ ಎಂದು ಯಾರಿಗಾದರೂ ಅನಿಸಬಹುದು. ಆಗುವುದು ತಿರುವುಮುರುವು. ನೀರು ಮುಟ್ಟಬೇಕೆಂದರೆ ಮಗು ಇಳಿಜಾರಿನಲ್ಲಿ ಅಷ್ಟು ದೂರ ಇಳಿಯಲೇಬೇಕು. ಒಣಗಿದ ಹೊದಿಕೆಯ ಮೇಲೆ ಹೇಗೋ ಕಾಲು ನಿಲ್ಲುತ್ತದೆ. ನೀರು ತಾಗುವ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಒಮ್ಮೆ ಒಳಗೆ ಹೋದರೆ ಈಜು ಬಲ್ಲ ದೊಡ್ಡವರಿಗೂ ಹತ್ತುವುದು ಕಷ್ಟ: ಅಂಗೈ ಊರಿದಷ್ಟೂ ಜಾರುತ್ತದೆ. ಮೇಲೆ ನಿಂತ ಮಗು ಕೈ ಕೊಡಲು ಬಾಗುತ್ತದೆ, ಅದೂ ಜಾರುತ್ತದೆ. ಇಬ್ಬರು ಒಟ್ಟಿಗೆ ಹೋಗುವುದು ಹೀಗೆ.

ಹೊಂಡದ ಹತ್ತಿರ ಬರುವ ಮಕ್ಕಳಾದರೂ ಯಾರು? ಕೂಲಿಗೆ ಬಂದ ತಾಯಿಯ ಜೊತೆ ಬಂದವರು, ಕುರಿ ಮೇಯಿಸುವವರು, ರಜೆಗೆಂದು ಅಜ್ಜಿ ಊರಿಗೆ ಬಂದ ಪೇಟೆಯ ಮಕ್ಕಳು. ತಂದೆತಾಯಿ ನೋಡಿಕೊಳ್ಳಬೇಕಿತ್ತು ಎಂದು ಹೇಳುವವರಿದ್ದಾರೆ. ಕಳೆ ತೆಗೆಯುತ್ತ ಬಗ್ಗಿದ ಹೆಂಗಸು ಎಷ್ಟು ಸಲ ತಲೆ ಎತ್ತಿ ನೋಡಿಯಾಳು? ಆ ಮಾತು ನನಗೆ ಕ್ರೂರ ಅನಿಸುತ್ತದೆ.

ಈಗ ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿದೆ, ಒಳ್ಳೆಯದೇ. ಆದರೆ ಮೊದಲ ವರ್ಷಗಳಲ್ಲಿ ತೋಡಿದ ಹೊಂಡಗಳ ಗತಿಯೇನು? ನಮ್ಮ ಸುತ್ತಮುತ್ತಲೇ ಬೇಲಿಯಿಲ್ಲದವು ಕಣ್ಣಿಗೆ ಬೀಳುತ್ತವೆ. ಯಾರ ಹೊಲದಲ್ಲಿ ಹೊಂಡವಿದೆ ಎಂಬ ಪಟ್ಟಿ ತಮ್ಮ ಇಲಾಖೆಯಲ್ಲೇ ಇರಬೇಕು. ಹೊಸ ಸಮಿತಿ ಬೇಡ. ರೈತ ಸಂಪರ್ಕ ಕೇಂದ್ರದವರು ಆ ಪಟ್ಟಿ ಹಿಡಿದು ಹೊಲಕ್ಕೆ ಬರಲಿ, ಹಳೆಯ ಹೊಂಡಗಳಿಗೂ ಬೇಲಿಯ ಹಣ ಸಿಗಲಿ. ಬೇಲಿ ಎಂದರೆ ಮೂರೆಳೆ ಮುಳ್ಳುತಂತಿಯಲ್ಲ. ಅದರ ನಡುವೆ ನುಸುಳುವುದು ಮಕ್ಕಳಿಗೆ ಆಟ. ಜಾಲರಿ ಬೇಕು, ಗೇಟಿಗೆ ಬೀಗ ಬೇಕು. ಹೊಸ ಹೊಂಡಕ್ಕೆ ಬೇಲಿ ಕಣ್ಣಾರೆ ಕಂಡ ಮೇಲೆಯೇ ಕೊನೆಯ ಬಿಲ್ ಪಾಸಾಗಲಿ.

ಬೇಲಿಗೆ ಟೆಂಡರು, ಮಂಜೂರಾತಿ ಎಂದು ತಿಂಗಳುಗಳು ಹಿಡಿಯಬಹುದು. ಹಗ್ಗಕ್ಕೆ ಅಷ್ಟು ಹೊತ್ತು ಬೇಡ. ದಂಡೆಯ ಮೇಲೆ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ನೈಲಾನ್ ಹಗ್ಗವನ್ನು ನಾಲ್ಕೂ ಬದಿಯಿಂದ ನೀರಿನೊಳಕ್ಕೆ ಇಳಿಬಿಟ್ಟರೆ ಬಿದ್ದವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಪಕ್ಕದಲ್ಲೇ ಗಾಳಿ ತುಂಬಿದ ಹಳೆ ಲಾರಿ ಟ್ಯೂಬಿಗೆ ಇನ್ನೊಂದು ಹಗ್ಗ ಕಟ್ಟಿಟ್ಟರೆ, ಕಂಡವರು ನೀರಿಗಿಳಿಯದೆ ಎಸೆಯಬಹುದು.

ಇನ್ನೊಂದು ಮಾತು. ಮೇಲೆತ್ತಿದ ಮಗುವನ್ನು ನಮ್ಮಲ್ಲಿ ಇಂದಿಗೂ ತಲೆಕೆಳಗು ಹಿಡಿದು ತಿರುಗಿಸುತ್ತಾರೆ, ಹೊಟ್ಟೆ ಅದುಮುತ್ತಾರೆ. ಉಸಿರು ನಿಂತ ಮಗುವಿಗೆ ಮೊದಲು ಬೇಕಾದದ್ದು ಬಾಯಿಗೆ ಬಾಯಿಟ್ಟು ಕೊಡುವ ಉಸಿರು, ಅದರ ಜೊತೆಗೆ ಎದೆ ಒತ್ತುವುದು, 108ಕ್ಕೆ ಕರೆ. ಆರೋಗ್ಯ ಇಲಾಖೆಯ ಜೊತೆ ಮಾತಾಡಿ ಇದನ್ನು ಊರೂರಲ್ಲಿ ಗೊಂಬೆ ಇಟ್ಟು ಕಲಿಸಿ. ಬೀಜ ವಿತರಣೆಯ ದಿನ ರೈತರು ಹೇಗೂ ಸೇರಿರುತ್ತಾರೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳು ಮುಚ್ಚುತ್ತವೆ. ಅಷ್ಟರೊಳಗೆ ಹಗ್ಗ ಕಟ್ಟಿಸುವ ಸುತ್ತೋಲೆ ಹೊರಡಲಿ, ಬೇಲಿಯ ಹಣ ಈ ಸಾಲಿನಲ್ಲೇ ಬಿಡುಗಡೆಯಾಗಲಿ.

ಇಂತಿ,
ಹೊಂಡ ತೆಗೆಸಿದ ಒಬ್ಬ ರೈತ