‘ನಮಗೇನು ಗೊತ್ತು ಬಿಡಿ’ ಎಂಬ ಸುಳ್ಳು

ತಿಪಟೂರಿನಲ್ಲಿ ನನ್ನ ಅಮ್ಮನದೊಂದು ಟೈಲರ್ ಅಂಗಡಿ ಇದೆ. ಹತ್ತು ಅಡಿ ಅಗಲದ ಬಾಡಿಗೆ ಮಳಿಗೆ, ಎರಡು ಹೊಲಿಗೆ ಯಂತ್ರ, ಒಂದು ಕಟಿಂಗ್ ಟೇಬಲ್. ಎಂ.ಎ.ವರೆಗಿನ ನನ್ನ ಓದು ಆ ಮಳಿಗೆಯಿಂದಲೇ ಬಂದದ್ದು. ಈಗ ವಚನ ಸಾಹಿತ್ಯದಲ್ಲಿ ಕಾಯಕದ ಕಲ್ಪನೆ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಯಾರಾದರೂ ಹೊಲಿಗೆ ಚೆನ್ನಾಗಿದೆ ಎಂದರೆ ಅಮ್ಮ ತಪ್ಪದೆ ಹೇಳುವ ಮಾತೊಂದಿದೆ: ‘ಅಯ್ಯೋ, ನಮಗೇನು ಗೊತ್ತು ಬಿಡಿ. ಓದಿರೋಳು ನನ್ನ ಮಗಳು.’ ಬಹಳ ವರ್ಷ ಈ ಮಾತು ಕೇಳಿ ಒಳಗೊಳಗೇ ಹಿಗ್ಗಿದ್ದೇನೆ. ಇದು ಸುಳ್ಳು ಎಂದು ಈಗ ಹೇಳಲೇಬೇಕಾಗಿದೆ. ಈ ಸುಳ್ಳಿನಿಂದ ಲಾಭ ಪಡೆದವರಲ್ಲಿ ನಾನೂ ಒಬ್ಬಳು.

ಅಮ್ಮನಿಗೆ ಏನು ಗೊತ್ತು? ಕಾಟನ್ ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಸುಕ್ಕಾಗಿಸುತ್ತದೆ ಎಂದು ಗೊತ್ತು. ಮದುವೆ ಹೆಣ್ಣಿನ ರವಿಕೆಯ ಒಳಗೆ ಎಷ್ಟು ಬಟ್ಟೆ ಬಿಟ್ಟರೆ ಬಾಣಂತನ ಮುಗಿದ ಮೇಲೂ ಹೊಲಿಗೆ ಬಿಚ್ಚಿ ತೊಡಬಹುದು ಎಂದು ಗೊತ್ತು. ಅಳತೆಗೆಂದು ತಂದ ಹಳೆ ರವಿಕೆಯನ್ನು ನೋಡಿ, ಭುಜ ಎಲ್ಲಿ ಜಾರುತ್ತದೆ ಎಂದು ಗಿರಾಕಿ ಹೇಳುವ ಮೊದಲೇ ಹೇಳುತ್ತಾಳೆ. ಯಾರು ‘ನಾಳೆ ಕೊಡ್ತೀನಿ’ ಎಂದರೆ ನಾಳೆಯೇ ಕೊಡುತ್ತಾರೆ, ಯಾರ ‘ನಾಳೆ’ ಮುಂದಿನ ಯುಗಾದಿಗೆ ಬರುತ್ತದೆ ಎಂಬುದೂ ಗೊತ್ತು. ಇಷ್ಟನ್ನು ಇಟ್ಟುಕೊಂಡು ‘ನಮಗೇನು ಗೊತ್ತು’ ಎನ್ನುವುದನ್ನು ನಾವು ವಿನಯ ಎಂದು ಕರೆಯುತ್ತೇವೆ.

1999ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಅದರ ಅರ್ಧಭಾಗ ನಮಗೆಲ್ಲ ಬಾಯಿಪಾಠ: ಕಡಿಮೆ ತಿಳಿದವರು ತಮಗೆ ಬಹಳ ತಿಳಿದಿದೆ ಎಂದುಕೊಳ್ಳುತ್ತಾರೆ. ವಾದದಲ್ಲಿ ಎದುರಿನವರ ಬಾಯಿ ಮುಚ್ಚಿಸಲು ಇದನ್ನು ಚೆನ್ನಾಗಿ ಬಳಸುತ್ತೇವೆ. ಇನ್ನರ್ಧ ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ಪರೀಕ್ಷೆಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವರು, ಉಳಿದವರಿಗೆ ಹೋಲಿಸಿದರೆ ತಾವು ಎಲ್ಲಿದ್ದೇವೆ ಎಂಬುದನ್ನು ಇರುವುದಕ್ಕಿಂತ ಕೆಳಗೆ ಅಂದಾಜು ಮಾಡಿದ್ದರು. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭವೇ ಇರಬೇಕು ಎಂದುಕೊಂಡಿದ್ದರು. ‘ಅದೇನು ಮಹಾ, ಯಾರು ಬೇಕಾದ್ರೂ ಹೊಲೀತಾರೆ’ ಎನ್ನುವ ಅಮ್ಮ ಈ ಇನ್ನರ್ಧದಲ್ಲಿದ್ದಾಳೆ.

ಇದರ ಬೆಲೆ ರೂಪಾಯಿಯಲ್ಲಿ ಎಷ್ಟು ಎಂದು ನನಗೆ ತಿಳಿದದ್ದು ಕಳೆದ ಶ್ರಾವಣದಲ್ಲಿ, ಅಂಗಡಿಯ ಲೆಕ್ಕ ಬರೆಯಲು ಕೂತಾಗ. ಲೈನಿಂಗ್ ರವಿಕೆಗೆ ಅಮ್ಮ ತೆಗೆದುಕೊಳ್ಳುವುದು 400 ರೂಪಾಯಿ. ಲೈನಿಂಗ್ ಬಟ್ಟೆ 90, ದಾರ, ಹುಕ್ಕು, ಪೈಪಿಂಗ್ 25, ಬಾಡಿಗೆ ಮತ್ತು ಕರೆಂಟಿನ ಪಾಲು 45. ‘ಮಿಕ್ಕ 240 ಲಾಭ’ ಎಂದಳು.

‘ನಿನ್ನ ಕೂಲಿ ಎಲ್ಲಮ್ಮಾ?’

‘ನಂದೇ ಅಂಗಡಿ. ನಂಗ್ಯಾರೇ ಕೂಲಿ ಕೊಡ್ತಾರೆ?’

ಹಿಂದೊಮ್ಮೆ ಹಬ್ಬದ ಹೊತ್ತಿಗೆ ಸಹಾಯಕ್ಕೆ ಒಬ್ಬಾಕೆಯನ್ನು ಇಟ್ಟುಕೊಂಡಾಗ ರವಿಕೆಗೆ 180ರಂತೆ ಎಣಿಸಿ ಕೊಟ್ಟಿದ್ದವಳು ಇವಳೇ. ಅದೇ ಕೆಲಸವನ್ನು ತಾನು ಮಾಡಿದರೆ ಸೊನ್ನೆ. ಆ 180ನ್ನು ಕಳೆದರೆ ಅಂಗಡಿಯ ನಿಜವಾದ ಲಾಭ 60 ರೂಪಾಯಿ. ಯಂತ್ರದ ರಿಪೇರಿ, ಹಾಳಾದ ಬಟ್ಟೆಯ ದಂಡ, ಬಾರದ ಬಾಕಿ ಎಲ್ಲವೂ ಅದರಲ್ಲೇ ಆಗಬೇಕು. ‘ಸ್ವಲ್ಪ ಬಿಗಿ ಮಾಡಿಕೊಡಿ’ ಎಂದು ಬಂದವರಿಗೆ ಪುಕ್ಕಟೆಯಾಗಿ ಮಾಡುವ ಆಲ್ಟರೇಷನ್ ವಾರಕ್ಕೆ ಹೆಚ್ಚುಕಡಿಮೆ ಒಂದು ದಿನ ನುಂಗುತ್ತಿತ್ತು.

ತನಗೆ ಗೊತ್ತಿರುವುದಕ್ಕೆ ಬೆಲೆ ಕಟ್ಟದವರು, ತಮಗೆ ಗೊತ್ತಿಲ್ಲದ್ದನ್ನು ಕೇಳಿ ತಿಳಿಯಲೂ ಹಿಂಜರಿಯುತ್ತಾರೆ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸ್‌ಗಳು ಹೋದದ್ದು 2025ರ ಜುಲೈನಲ್ಲಿ. ಆ ಸುದ್ದಿ ನೋಡಿ ಅಮ್ಮ ರಾತ್ರೋರಾತ್ರಿ ಕ್ಯೂಆರ್ ಕೋಡಿನ ಸ್ಟಿಕ್ಕರ್ ಕಿತ್ತುಹಾಕಿದ್ದಳು. ಸೇವೆ ಒದಗಿಸುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ನಮ್ಮ ಅಂಗಡಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ತನ್ನ ವರ್ಷದ ವಹಿವಾಟು ಎಷ್ಟು ಎಂಬ ಒಂದು ಅಂಕಿ ತಿಳಿದಿದ್ದರೆ ಆ ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

ಇಂಥವರಿಗೆ ಬುದ್ಧಿ ಹೇಳಲು ಎರಡು ಬಗೆಯ ಜನ ಬರುತ್ತಾರೆ. ಮೊದಲನೆಯವರು ಮೈಕು ಹಿಡಿದು ‘ನಿಮ್ಮನ್ನು ನೀವು ನಂಬಿ, ದೊಡ್ಡ ಕನಸು ಕಾಣಿ’ ಎನ್ನುವ ತರಬೇತುದಾರರು. ಅಂಥದೊಂದು ಅರ್ಧ ದಿನದ ಶಿಬಿರಕ್ಕೆ ಅಮ್ಮ ಹೋಗಿಬಂದಳು. ಚಪ್ಪಾಳೆ ತಟ್ಟಿಸಿದರಂತೆ. ರವಿಕೆಗೆ ದರ ಕಟ್ಟುವುದು ಹೇಗೆಂದು ಯಾರೂ ಹೇಳಲಿಲ್ಲ. ನಂಬಿಕೆಯ ಕೊರತೆ ಅಮ್ಮನಿಗಿರಲಿಲ್ಲ, ಲೆಕ್ಕದ ಕೊರತೆ ಇತ್ತು.

ಎರಡನೆಯವರು ನಾವು, ಓದಿದವರು. ನಾವು ದುಡಿಮೆಯನ್ನು ಹೊಗಳುತ್ತೇವೆ. ‘ಅನುಭವದ ಜ್ಞಾನ’, ‘ನೆಲಮೂಲದ ತಿಳಿವಳಿಕೆ’ ಎಂದು ಸೆಮಿನಾರುಗಳಲ್ಲಿ ಮಂಡಿಸುತ್ತೇವೆ. ಹೊರಗೆ ಬಂದು ಅದೇ ಜ್ಞಾನದೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಕಾಯಕ ನಿಷ್ಠೆ ಎಂದರೆ ಕೂಲಿ ಕೇಳದಿರುವುದು ಎಂಬಂತೆ ಬರೆಯುವುದು ನಮಗೆ ಅಭ್ಯಾಸವಾಗಿದೆ. ನನ್ನ ಅಧ್ಯಾಯವೊಂದರಲ್ಲಿ ನಾನೂ ಹಾಗೇ ಬರೆದಿದ್ದೆ.

ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಇದನ್ನು ನಾವು ತೃಪ್ತಿಯ ಪಾಠವಾಗಿ ಓದುತ್ತೇವೆ. ಅಮ್ಮನ ಲೆಕ್ಕ ಬರೆದ ಮೇಲೆ ನನಗೆ ಬೇರೆಯದೇ ಕಾಣುತ್ತಿದೆ. ಇಂದಿಗೆ ಎಷ್ಟು ಬೇಕು ಎಂದು ನಿಖರವಾಗಿ ಗೊತ್ತಿದ್ದವಳಿಗೆ ಮಾತ್ರ ಹೆಚ್ಚಾದದ್ದು ಕಾಣುತ್ತದೆ, ಕಡಿಮೆಯಾದದ್ದೂ ಕಾಣುತ್ತದೆ. ಲಕ್ಕಮ್ಮನ ಕೈಯಲ್ಲಿ ಅಳತೆ ಇತ್ತು.

‘ದರ ಏರಿಸಿದರೆ ಗಿರಾಕಿ ರೆಡಿಮೇಡ್ ಕೊಳ್ಳುತ್ತಾರೆ, ಲೆಕ್ಕ ತಿಳಿದು ಏನು ಪ್ರಯೋಜನ?’ ಎಂದು ಕೇಳಬಹುದು. ನಿಜ, ಬೆಲೆಯನ್ನು ಅಮ್ಮ ಒಬ್ಬಳೇ ನಿರ್ಧರಿಸಲಾರಳು. ಆದರೆ ಯಾವ ಕೆಲಸ ಬಿಡಬೇಕು, ಯಾವುದನ್ನು ಪುಕ್ಕಟೆ ಮಾಡಬಾರದು ಎಂದು ನಿರ್ಧರಿಸಬಲ್ಲಳು. ಈಗ ಆಲ್ಟರೇಷನ್‌ಗೆ 50 ರೂಪಾಯಿ. ಮೂರು ಜನ ಗಿರಾಕಿಗಳು ಮುನಿಸಿಕೊಂಡು ಬೇರೆ ಅಂಗಡಿಗೆ ಹೋದರು. ಒಬ್ಬರು ವಾಪಸ್ ಬಂದಿದ್ದಾರೆ. ರವಿಕೆಯ ದರ ಇನ್ನೂ 400ರಲ್ಲೇ ಇದೆ. ಅದನ್ನು ಏರಿಸಲು ಅಮ್ಮನಿಗೆ ಧೈರ್ಯವಾಗಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ‘ನನ್ನ ಕೂಲಿ’ ಎಂಬ ಹೊಸ ಸಾಲೊಂದು ಬಂದಿದೆ, ಅವಳದೇ ಅಕ್ಷರದಲ್ಲಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಫೀಸು ಯಾವುದೋ ಟೈಲರ್ ಅಂಗಡಿಯಿಂದ, ಕಿರಾಣಿ ಅಂಗಡಿಯಿಂದ, ಸೈಕಲ್ ಶಾಪಿನಿಂದ ಬಂದಿರುತ್ತದೆ. ಈ ಸಲ ಊರಿಗೆ ಹೋದಾಗ ನಿಮ್ಮ ಅಪ್ಪ ಅಮ್ಮನ ಕೆಲಸದ ಮೇಲೆ ಕವಿತೆ ಬರೆಯಬೇಡಿ. ಗಲ್ಲದ ಪಕ್ಕ ಕೂತು, ಅವರ ಕೂಲಿ ಎಷ್ಟೆಂದು ಅವರಿಂದಲೇ ಲೆಕ್ಕ ಹಾಕಿಸಿ. ಅವರು ‘ನಮಗೇನು ಗೊತ್ತು ಬಿಡು’ ಎಂದಾಗ, ನಾನು ಇಷ್ಟು ವರ್ಷ ಮಾಡಿದ ಹಾಗೆ ಹಿಗ್ಗಬೇಡಿ.