ಇಳಿಯುವ ಮುನ್ನ ಅಳೆಯೋಣ

2022ರ ಏಪ್ರಿಲ್ 17, ಭಾನುವಾರ. ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಬಿದ್ದ ಕಾರ್ಮಿಕನೊಬ್ಬನನ್ನು ಮೇಲೆತ್ತಲು ಅವನ ಸಂಗಾತಿಗಳು ಇಳಿದರು. ವಿಷಗಾಳಿ ಅವರನ್ನೂ ಬಿಡಲಿಲ್ಲ. ಐವರು ಅಸುನೀಗಿದರು. ಎಲ್ಲರೂ ಹೊಟ್ಟೆಪಾಡಿಗಾಗಿ ದೂರದ ಪಶ್ಚಿಮ ಬಂಗಾಳದಿಂದ ನಮ್ಮ ಕರಾವಳಿಗೆ ಬಂದವರು.

ಜೊತೆಗಾರನನ್ನು ಉಳಿಸಲು ಧಾವಿಸಿದವರ ಹೃದಯವಂತಿಕೆಗೆ ನಾವು ತಲೆಬಾಗುತ್ತೇವೆ. ಆದರೆ ಇಂಥ ಸಾವುಗಳನ್ನು ವಿಧಿಲಿಖಿತವೆಂದು ಕೈತೊಳೆದುಕೊಳ್ಳುವುದನ್ನು ಒಪ್ಪಲಾರೆವು. ಮುಚ್ಚಿದ ತೊಟ್ಟಿಯಲ್ಲಿ ಮೀನು, ಮಾಂಸ, ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟಬಲ್ಲುದು. ಗಾಳಿಗಿಂತ ಭಾರವಾದ ಅದು ತಳದಲ್ಲೇ ತಂಗುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ನಾತ ಬೀರುವ ಅದು, ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ನಾತ ನಿಂತಿತು, ಅಪಾಯ ಕಳೆಯಿತು ಎಂದುಕೊಂಡವನು ಕೆಲವೇ ಉಸಿರುಗಳಲ್ಲಿ ಕುಸಿಯಬಹುದು.

ಹಳೆಯ ಬಾವಿಗೆ ಇಳಿಯುವ ಮೊದಲು ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಪದ್ಧತಿ ಹಿರಿಯರಲ್ಲಿತ್ತು. ದೀಪ ನಂದಿದರೆ ಯಾರೂ ಇಳಿಯುತ್ತಿರಲಿಲ್ಲ. ಅಪಾಯವನ್ನು ಮುಂಚಿತವಾಗಿ ಅಳೆಯುವ ವಿವೇಕವದು. ಆದರೆ ದೀಪವು ಆಮ್ಲಜನಕದ ಕೊರತೆಯನ್ನು ತಿಳಿಸೀತೇ ಹೊರತು ವಿಷವನ್ನಲ್ಲ; ಉರಿಯುವ ಅನಿಲವಿದ್ದಲ್ಲಿ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಇಂದು ಆ ಕೆಲಸಕ್ಕೆ ಕೈಯಲ್ಲಿ ಹಿಡಿಯಬಹುದಾದ ಅನಿಲಮಾಪಕಗಳಿವೆ.

ಕೈಗಾರಿಕಾ ಸುರಕ್ಷತೆಯ ಪ್ರಶ್ನೆಗಳು ಸರಳವಾದವು. ಇಲ್ಲಿ ಯಾವ ಅಪಾಯವಿದೆ? ಅದು ಯಾರಿಗೆ ತಟ್ಟೀತು? ಅದರ ಸಂಭವವೆಷ್ಟು, ತೀವ್ರತೆಯೆಷ್ಟು? ಉತ್ತರ ದೊರೆತ ಮೇಲೆ ಪರಿಹಾರಕ್ಕೂ ಒಂದು ಕ್ರಮವಿದೆ. ಮೊದಲನೆಯದು, ಅಪಾಯವನ್ನೇ ಇಲ್ಲವಾಗಿಸುವುದು. ಎಂದರೆ ಮನುಷ್ಯನನ್ನು ಇಳಿಸದೆ ಹೊರಗಿನಿಂದಲೇ ಪಂಪಿನ ನೆರವಿನಿಂದ ತೊಟ್ಟಿಯನ್ನು ಬರಿದುಮಾಡಿ ತೊಳೆಯುವುದು, ಅದರ ಬಾಯಿಗೆ ಭದ್ರವಾದ ಮುಚ್ಚಳ ಹಾಕುವುದು. ಇಳಿಯಲೇಬೇಕಾದರೆ ಒಳಗೆ ಗಾಳಿಯಾಡಿಸಿ, ಅನಿಲವನ್ನು ಅಳೆದು, ಲಿಖಿತ ಅನುಮತಿ ನೀಡಿ, ಮೇಲೊಬ್ಬ ಕಾವಲುಗಾರನನ್ನು ನಿಲ್ಲಿಸಬೇಕು. ಶಿರಸ್ತ್ರಾಣ, ಕೈಗವಸುಗಳ ಸರದಿ ಕೊನೆಯದು. ನಮ್ಮಲ್ಲಿ ಅನೇಕ ಕಡೆ ಈ ಕ್ರಮ ತಲೆಕೆಳಗಾಗಿದೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಬೋಧಿಸಿ, ಮುಖಕ್ಕೊಂದು ಬಟ್ಟೆಯ ಗವಸು ಕೊಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆಯಿದೆ. ಬಟ್ಟೆಯ ಗವಸು ವಿಷಾನಿಲವನ್ನು ತಡೆಯದು.

ಇದಾವುದೂ ಹೊಸ ಜ್ಞಾನವಲ್ಲ. ತಜ್ಞನ ಲಿಖಿತ ಪ್ರಮಾಣಪತ್ರವಿಲ್ಲದೆ, ಅಥವಾ ಉಸಿರಾಟದ ಉಪಕರಣವನ್ನೂ ಹೊರಗಿನವನು ತುದಿ ಹಿಡಿದಿರುವ ಹಗ್ಗಕ್ಕೆ ಬಿಗಿದ ಪಟ್ಟಿಯನ್ನೂ ಧರಿಸದೆ, ವಿಷಗಾಳಿ ಇರಬಹುದಾದ ತೊಟ್ಟಿಗೆ ಯಾರೂ ಇಳಿಯಕೂಡದೆಂದು 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮು ವಿಧಿಸಿತ್ತು. 1984ರ ಭೋಪಾಲ ದುರಂತದ ತರುವಾಯ, 1987ರ ತಿದ್ದುಪಡಿಯು ಅಪಾಯಕಾರಿ ಉದ್ದಿಮೆಗಳ ಕಾರ್ಮಿಕರಿಗೆ ಸನ್ನಿಹಿತ ಅಪಾಯದ ಕುರಿತು ಎಚ್ಚರಿಸುವ ಹಕ್ಕನ್ನೂ ನೀಡಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮಗೆ ರೂಢಿ. ಹಾಕಿದ ಬಾಗಿಲನ್ನೂ ಕಾಯದಿರುವುದು ಅದಕ್ಕಿಂತ ದೊಡ್ಡ ದುರಂತ.

ನಮ್ಮ ಕುಟುಂಬಗಳಲ್ಲಿ ಕಾರ್ಮಿಕರಿದ್ದಾರೆ, ಮೇಲ್ವಿಚಾರಕರಿದ್ದಾರೆ, ಗುತ್ತಿಗೆದಾರರಿದ್ದಾರೆ, ಉದ್ಯಮಿಗಳೂ ಇದ್ದಾರೆ. ಕೊಲ್ಲಿ ರಾಷ್ಟ್ರಗಳ ಸ್ಥಾವರಗಳಲ್ಲಿ ದುಡಿದು ಈ ಶಿಸ್ತನ್ನು ಕಲಿತು ಬಂದವರೂ ಇದ್ದಾರೆ. ಕೆಲಸ ಮಾಡಿಸುವವರು ಇನ್ನೊಬ್ಬನನ್ನು ಇಳಿಸುವ ಮುನ್ನ ತಮ್ಮ ಮಗನನ್ನು ಅಲ್ಲಿಗೆ ಇಳಿಸುತ್ತಿದ್ದೆವೇ ಎಂದು ಕೇಳಿಕೊಳ್ಳಲಿ. ಕೆಲಸ ಮಾಡುವವರು ಅಳೆಯದ ತೊಟ್ಟಿಗೆ ಇಳಿಯಲಾರೆನೆನ್ನಲು ನಾಚದಿರಲಿ. ಒಳಗೆ ಕುಸಿದವನನ್ನು ಕಂಡಾಗ ಹಾರುವ ಬದಲು ಕೂಗಿ, ಅಗ್ನಿಶಾಮಕ ದಳವನ್ನು ಕರೆಯಲಿ. ಮನೆಯವರೂ ದಿನದ ಕೂಲಿಯನ್ನಷ್ಟೇ ಕೇಳದೆ, ಕೆಲಸದ ಜಾಗ ಎಂಥದೆಂಬುದನ್ನೂ ವಿಚಾರಿಸಲಿ.

ಪರರಿಗಾಗಿ ಪ್ರಾಣ ತೆರುವುದು ಮಹತ್ತಾದ ತ್ಯಾಗ. ಅಂಥ ತ್ಯಾಗದ ಅಗತ್ಯವೇ ಬಾರದಂತೆ ಮುನ್ನೆಚ್ಚರಿಕೆ ವಹಿಸುವುದು ನಮ್ಮೆಲ್ಲರ ಕರ್ತವ್ಯ.